ಎನ್‌ಬಿಎ ಆಚೆಗೂ ಬಾಸ್ಕೆಟ್‌ಬಾಲ್ ಇದೆ, ಅದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ಬಾಸ್ಕೆಟ್‌ಬಾಲ್ ಬಗ್ಗೆ ಲೇಖನ ಬಂದಿತ್ತು. ಕನ್ನಡ ಪೇಪರುಗಳಲ್ಲಿ ಈ ಆಟಕ್ಕೆ ಜಾಗ ಸಿಗುವುದೇ ಅಪರೂಪ. ಖುಷಿಯಿಂದ ಓದಲು ಕೂತೆ. ಅದರಲ್ಲಿ ಒಂದು ಸಾಲು ಹೀಗಿತ್ತು: ಎನ್‌ಬಿಎಗೆ ಹೋಗಲಾಗದವರು ಯಾವುದೋ ದೇಶದ ಯಾವುದೋ ಲೀಗಿನಲ್ಲಿ ಕಾಲ ತಳ್ಳುತ್ತಾರೆ. ಎನ್‌ಬಿಎ ಅಂದರೆ ಅಮೆರಿಕದ ದೊಡ್ಡ ವೃತ್ತಿಪರ ಲೀಗ್. ಆ ಮಾತು ಎರಡು ದಿನ ನನ್ನ ತಲೆಯಿಂದ ಹೋಗಲೇ ಇಲ್ಲ. ಅದಕ್ಕೇ ಈ ಪತ್ರ.

ನಾನು ಚನ್ನಗಿರಿಯವಳು. ಮೆಡಿಕಲ್ ಓದಿದ್ದು ಫಿಲಿಪೀನ್ಸ್‌ನ ದಾವಾವೊದಲ್ಲಿ. ನಮ್ಮ ಕಡೆಯಿಂದ ಎಷ್ಟೋ ಮಕ್ಕಳು ಅಲ್ಲಿಗೆ ಓದಲು ಹೋಗುತ್ತಾರೆ, ನಿಮಗೂ ಗೊತ್ತಿರುತ್ತದೆ. ಅಲ್ಲಿ ನನಗೆ ಮೊದಲು ಕಂಡದ್ದೇ ಬಾಸ್ಕೆಟ್‌ಬಾಲ್ ರಿಂಗು. ನಮ್ಮಲ್ಲಿ ಗೋಡೆ ಮೇಲೆ ಇದ್ದಿಲಿನಿಂದ ಮೂರು ಗೆರೆ ಎಳೆದು ವಿಕೆಟ್ ಮಾಡಿಕೊಳ್ಳುತ್ತಾರಲ್ಲ, ಅಲ್ಲಿ ತೆಂಗಿನಮರಕ್ಕೆ ಹಲಗೆ ಹೊಡೆದು ರಿಂಗ್ ಸಿಕ್ಕಿಸುತ್ತಾರೆ. ಹುಡುಗರು ಹವಾಯಿ ಚಪ್ಪಲಿಯಲ್ಲೇ ಆಡುತ್ತಾರೆ. ಮಳೆ ಬಂದರೂ ನಿಲ್ಲಿಸುವುದಿಲ್ಲ.

ನಾನಿದ್ದ ಬಾಡಿಗೆ ಮನೆಯ ಯಜಮಾನಿಯನ್ನು ನಾವೆಲ್ಲ ಲೋಲಾ ಅಂತ ಕರೆಯುತ್ತಿದ್ದೆವು. ಅಲ್ಲಿ ಲೋಲಾ ಅಂದರೆ ಅಜ್ಜಿ. ಮನೆಯ ಮುಂದೆ ಅವರದೊಂದು ಚಿಕ್ಕ ಅಂಗಡಿ, ಅಂಗಡಿಯಲ್ಲೊಂದು ಟಿವಿ. 2016ರ ಅಕ್ಟೋಬರ್ 19ರ ರಾತ್ರಿ ಬೀದಿಯವರೆಲ್ಲ ಆ ಟಿವಿ ಮುಂದೆ ಸೇರಿದ್ದರು. ಫಿಲಿಪೀನ್ಸ್‌ನ ವೃತ್ತಿಪರ ಲೀಗ್ ಪಿಬಿಎಯ ಫೈನಲ್ಸ್, ಆರನೇ ಪಂದ್ಯ. ಬರಂಗಾಯ್ ಹಿನೆಬ್ರಾ ಮತ್ತು ಮೆರಾಲ್ಕೊ. ಹಿನೆಬ್ರಾ ಅಂದರೆ ಅಲ್ಲಿನ ಬಡವರ ತಂಡ, ರಿಕ್ಷಾ ಓಡಿಸುವವರ ತಂಡ. 2008ರಿಂದ ಒಂದೂ ಕಪ್ ಗೆದ್ದಿರಲಿಲ್ಲ. ಕೊನೆಯ ಕ್ಷಣಗಳಲ್ಲಿ 88–88. ಚೆಂಡು ಹಿನೆಬ್ರಾದ ಜಸ್ಟಿನ್ ಬ್ರೌನ್‌ಲೀ ಕೈಯಲ್ಲಿ. ಆತ ಮೂರು ಪಾಯಿಂಟ್ ಗೆರೆಯ ಆಚೆಯಿಂದ ಎಸೆದ. ಗಂಟೆ ಹೊಡೆಯಿತು, ಚೆಂಡು ಬಲೆಯೊಳಗೆ ಇಳಿಯಿತು. ಲೋಲಾ ಕೈಯಲ್ಲಿ ಅನ್ನದ ಸೌಟು ಇತ್ತು. ಅದನ್ನು ಹಿಡಿದುಕೊಂಡೇ ನನ್ನನ್ನು ತಬ್ಬಿಕೊಂಡು ಅತ್ತರು. ನನ್ನ ಬಟ್ಟೆಯ ಬೆನ್ನೆಲ್ಲ ಅನ್ನದ ಅಗುಳು.

ಸಂಪಾದಕರೇ, ಈ ಬ್ರೌನ್‌ಲೀ ಯಾರು ಗೊತ್ತಾ? ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಅನ್ನುವ ಊರಿನವನು. 2011ರಲ್ಲಿ ಕಾಲೇಜು ಮುಗಿಸಿದ. ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಯಾವ ತಂಡವೂ ಅವನ ಹೆಸರು ಕರೆಯಲಿಲ್ಲ. ಆಮೇಲೆ ಐದು ವರ್ಷ ಊರೂರು ಅಲೆದ. ಮೆಕ್ಸಿಕೊದಲ್ಲಿ ಆಡಿದ, ಇಟಲಿಯಲ್ಲಿ ಆಡಿದ. ಎನ್‌ಬಿಎಯ ಕೆಳಗಿನ ಡಿ-ಲೀಗಿನಲ್ಲಿ ಈರಿ ಬೇಹಾಕ್ಸ್ ತಂಡಕ್ಕೆ ಆಡಿದ. ಹಿನೆಬ್ರಾಗೂ ಅವನು ಮೊದಲ ಆಯ್ಕೆ ಅಲ್ಲ. ಪಾಲ್ ಹ್ಯಾರಿಸ್ ಅನ್ನುವ ಆಟಗಾರನ ಹೆಬ್ಬೆರಳಿಗೆ ಪೆಟ್ಟಾಯಿತು ಅಂತ ಬದಲಿಯಾಗಿ ಕರೆಸಿದ್ದು. ನಿಮ್ಮ ಲೇಖನದ ಪ್ರಕಾರ ಇವನೂ ಕಾಲ ತಳ್ಳುತ್ತಿದ್ದವನೇ, ಅಲ್ವಾ?

ಈ ಕೆಲಸ ಎಷ್ಟು ಕಷ್ಟದ್ದು ಅಂತ ಅಲ್ಲಿದ್ದಾಗ ಕಣ್ಣಾರೆ ನೋಡಿದೆ. ಹೊರದೇಶದ ಆಟಗಾರನನ್ನು ಅಲ್ಲಿ 'ಇಂಪೋರ್ಟ್' ಅನ್ನುತ್ತಾರೆ. ಪಿಬಿಎಯಲ್ಲಿ ಆಗ ವರ್ಷಕ್ಕೆ ಮೂರು ಟೂರ್ನಿ ಇರುತ್ತಿದ್ದವು. ಒಂದರಲ್ಲಿ ಇಂಪೋರ್ಟ್‌ಗೆ ಜಾಗವೇ ಇರಲಿಲ್ಲ. ಉಳಿದ ಎರಡರಲ್ಲಿ ತಂಡಕ್ಕೆ ಸಾಮಾನ್ಯವಾಗಿ ಒಬ್ಬ. ಬ್ರೌನ್‌ಲೀ ಆಡಿದ ಆ ಗವರ್ನರ್ಸ್ ಕಪ್‌ನಲ್ಲಿ ಇಂಪೋರ್ಟ್‌ನ ಎತ್ತರ ಆರಡಿ ಐದಿಂಚು ಮೀರುವಂತಿರಲಿಲ್ಲ. ಅಳತೆ ಮಾಡಿಯೇ ಬಿಡುತ್ತಿದ್ದರು. ಬೇರೆ ಕಡೆ ಎತ್ತರ ಸಾಲದು ಅಂತ ಕೆಲಸ ಹೋದರೆ, ಇಲ್ಲಿ ಎತ್ತರ ಜಾಸ್ತಿ ಆಯ್ತು ಅಂತ ಕೆಲಸ ಹೋಗುತ್ತದೆ. ಒಪ್ಪಂದ ಆ ಒಂದು ಟೂರ್ನಿಗೆ ಮಾತ್ರ. ತಂಡ ಮೂರ್ನಾಲ್ಕು ಪಂದ್ಯ ಸೋತರೆ ಕೋಚ್ ಮನೆಗೆ ಹೋಗುವುದಿಲ್ಲ, ಮೊದಲು ಹೋಗುವವನು ಇಂಪೋರ್ಟ್. ಅವನ ಜಾಗಕ್ಕೆ ಮುಂದಿನ ವಿಮಾನದಲ್ಲಿ ಇನ್ನೊಬ್ಬ ಬರುತ್ತಾನೆ. ಪ್ರತಿ ಪಂದ್ಯದಲ್ಲೂ ಅವನೇ ಜಾಸ್ತಿ ಪಾಯಿಂಟ್ ಗಳಿಸಬೇಕು, ರಿಂಗಿಗೆ ಬಡಿದು ವಾಪಸ್ ಬರುವ ಚೆಂಡನ್ನು, ಅಂದರೆ ರೀಬೌಂಡನ್ನು, ಅವನೇ ಹಿಡಿಯಬೇಕು. ಮಂಡಿ ನೋಯುತ್ತಿದೆ ಅಂತ ಬಾಯಿ ಬಿಡುವ ಹಾಗಿಲ್ಲ. ವೈದ್ಯೆಯಾಗಿ ಹೇಳುತ್ತೇನೆ, ಇದು ಮೈಯನ್ನೇ ಅಡವಿಟ್ಟು ಮಾಡುವ ದುಡಿಮೆ.

ಬ್ರೌನ್‌ಲೀ ಆ ದುಡಿಮೆಯಲ್ಲೇ ನೆಲೆ ನಿಂತ. ಹಿನೆಬ್ರಾಗೆ ಕಪ್ ಮೇಲೆ ಕಪ್ ಗೆದ್ದುಕೊಟ್ಟ. 2023ರ ಜನವರಿಯಲ್ಲಿ ಅವನಿಗೆ ಫಿಲಿಪೀನ್ಸ್ ಪೌರತ್ವ ಕೊಡಲು ಅಲ್ಲಿನ ಸಂಸತ್ತು ಮಾಡಿದ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಒಬ್ಬ ಮನುಷ್ಯನಿಗಾಗಿ ಒಂದು ಕಾಯ್ದೆ! ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್. ನಾವೆಲ್ಲ ಭಾರತದ ಪದಕ ಎಣಿಸುತ್ತಿದ್ದೆವು, 107 ಆಯಿತು ಅಂತ ಸಂಭ್ರಮಿಸಿದೆವು. ಆಗಲೇ ಬಾಸ್ಕೆಟ್‌ಬಾಲ್ ಸೆಮಿಫೈನಲ್‌ನಲ್ಲಿ ಚೀನಾ ವಿರುದ್ಧ, ಚೀನಾದ ನೆಲದಲ್ಲೇ, ಬ್ರೌನ್‌ಲೀ 33 ಪಾಯಿಂಟ್ ಗಳಿಸಿದ. ಕೊನೆಯ ಒಂದು ನಿಮಿಷದೊಳಗೆ ಎರಡು ತ್ರೀ ಪಾಯಿಂಟರ್. 77–76. ಫೈನಲ್‌ನಲ್ಲಿ ಜೋರ್ಡಾನ್ ಮೇಲೆ 70–60. ಫಿಲಿಪೀನ್ಸ್‌ಗೆ ಈ ಆಟದಲ್ಲಿ 1962ರ ನಂತರ ಬಂದ ಮೊದಲ ಏಷ್ಯನ್ ಗೇಮ್ಸ್ ಚಿನ್ನ ಅದು. ಆ ರಾತ್ರಿ ಲೋಲಾ ವಿಡಿಯೊ ಕಾಲ್ ಮಾಡಿದ್ದರು. ಮಾತಾಡಲಿಲ್ಲ, ಸುಮ್ನೆ ಫೋನನ್ನು ಬೀದಿಯ ಕಡೆ ತಿರುಗಿಸಿ ಹಿಡಿದುಕೊಂಡಿದ್ದರು.

ನಮ್ಮ ದೇಶದವರೂ ಈ ದಾರಿಯಲ್ಲಿ ನಡೆದಿದ್ದಾರೆ. ರೈಲ್ವೆಯಲ್ಲಿದ್ದ ಕೇರಳದ ಗೀತು ಅನ್ನಾ ಜೋಸ್ 2006ರಿಂದ ಆಸ್ಟ್ರೇಲಿಯಾದ ರಿಂಗ್‌ವುಡ್ ತಂಡಕ್ಕೆ ಆಡಿದರು. ಪಂಜಾಬಿನ ಅಮೃತ್‌ಪಾಲ್ ಸಿಂಗ್ ಜಪಾನಿನಲ್ಲಿ ಆಡಿ, 2017ರಲ್ಲಿ ಸಿಡ್ನಿ ಕಿಂಗ್ಸ್ ಸೇರಿದರು. 2015ರಲ್ಲಿ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ ತಂಡ ಡ್ರಾಫ್ಟ್ ಮಾಡಿದಾಗ ಎಲ್ಲ ಪೇಪರಿನಲ್ಲೂ ಫೋಟೊ ಬಂತು. ಆಮೇಲೆ ಅವರು ಕೆನಡಾದ ಲೀಗಿನಲ್ಲಿ ಆಡಿದ ಸುದ್ದಿ ಮಾತ್ರ ಕನ್ನಡದಲ್ಲಿ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಈ ಸುದ್ದಿ ಯಾಕೆ ಬೇಕು ಅಂತ ಕೇಳಬಹುದು. ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ನನ್ನ ತಮ್ಮ ಒಳ್ಳೆಯ ಆಟಗಾರ, ಆರಡಿ ಎರಡಿಂಚು. ಕಾಲೇಜು ಮುಗಿಸಿದಾಗ ಒಬ್ಬ ಏಜೆಂಟ್ ಫೋನ್ ಮಾಡಿದ. ವಿದೇಶದ ಲೀಗಿನಲ್ಲಿ ಟ್ರಯಲ್ಸ್ ಇದೆ, ಜಾಗ ಖಾತ್ರಿ, ಒಂದೂವರೆ ಲಕ್ಷ ಕಟ್ಟಿ ಅಂದ. ಅಪ್ಪ ಆ ವರ್ಷದ ಅಡಿಕೆ ಮಾರಿದ ದುಡ್ಡಿನಲ್ಲಿ ಕಟ್ಟಿದರು. ತಮ್ಮ ಟೂರಿಸ್ಟ್ ವೀಸಾದಲ್ಲಿ ಹೋದ. ಅಲ್ಲಿ ಲೀಗೂ ಇಲ್ಲ, ತಂಡವೂ ಇಲ್ಲ. ಒಂದು ಶಾಲೆಯ ಜಿಮ್‌ನಲ್ಲಿ ಇವನ ಹಾಗೇ ದುಡ್ಡು ಕಟ್ಟಿ ಬಂದ ಹುಡುಗರು ತಮ್ಮತಮ್ಮಲ್ಲೇ ಆಡುತ್ತಿದ್ದರು. ಹನ್ನೆರಡು ದಿನಕ್ಕೆ ವಾಪಸ್ ಬಂದ. ತಿಂಗಳುಗಟ್ಟಲೆ ಚೆಂಡು ಮುಟ್ಟಲಿಲ್ಲ. ಅಪ್ಪ ಒಂದು ಮಾತೂ ಬೈಯಲಿಲ್ಲ, ಅದೇ ಅವನಿಗೆ ಜಾಸ್ತಿ ನೋವಾಯಿತು.

ಆಗ ನಮಗೆ ಏನೂ ಗೊತ್ತಿರಲಿಲ್ಲ. ಆಮೇಲೆ ನಾನೇ ಕೂತು ಹುಡುಕಿ ತಿಳಿದುಕೊಂಡೆ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಏಜೆಂಟರಿಗೆ ಲೈಸೆನ್ಸ್ ಕೊಡುತ್ತದೆ. ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಆಡಲು ಹೋಗುವ ಆಟಗಾರನಿಗೆ ತಾನು ಕೊನೆಯದಾಗಿ ನೋಂದಾಯಿಸಿಕೊಂಡು ಆಡಿದ ದೇಶದ ಫೆಡರೇಷನ್ನಿನಿಂದ ಕ್ಲಿಯರೆನ್ಸ್ ಪತ್ರ ಬೇಕು. ತಮ್ಮನ ಹತ್ತಿರ ಅದನ್ನು ಯಾರೂ ಕೇಳಿರಲೇ ಇಲ್ಲ. ಅಲ್ಲೇ ನಮಗೆ ಅನುಮಾನ ಬರಬೇಕಿತ್ತು. ಇನ್ನೊಂದು ವಿಷಯ. ಹೊರದೇಶದಲ್ಲಿ ಕ್ಲಬ್ಬುಗಳು ಸಂಬಳ ಬಾಕಿ ಉಳಿಸಿಕೊಳ್ಳುವುದು ಹೊಸದಲ್ಲ. ಅಂಥ ಜಗಳ ತೀರಿಸಲೆಂದೇ ಫಿಬಾ 2007ರಲ್ಲಿ ಒಂದು ನ್ಯಾಯಮಂಡಳಿ ಶುರು ಮಾಡಿತು. ಈಗ ಅದಕ್ಕೆ ಬ್ಯಾಟ್ ಅಂತ ಹೆಸರು. ಆದರೆ ತಕರಾರು ಅಲ್ಲಿಗೆ ಹೋಗುತ್ತದೆ ಅಂತ ಒಪ್ಪಂದದಲ್ಲಿ ಬರೆದಿರಬೇಕು. ಸಹಿ ಹಾಕುವ ಮುಂಚೆ ಆ ಒಂದು ಸಾಲು ಇದೆಯಾ ಅಂತ ನೋಡಬೇಕು. ಇಷ್ಟನ್ನು ಯಾವುದಾದರೂ ಕನ್ನಡ ಪೇಪರಿನಲ್ಲಿ ಓದಿದ್ದರೆ ಅಪ್ಪ ಖಂಡಿತ ಕೇಳುತ್ತಿದ್ದರು. ಅವರು ಬೆಳಿಗ್ಗೆ ನಿಮ್ಮ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ದಯವಿಟ್ಟು ಈ ಆಟಗಾರರ ಬಗ್ಗೆ ಬರೆಯಿರಿ. ಎಷ್ಟು ತಿಂಗಳ ಒಪ್ಪಂದ, ಯಾವ ವೀಸಾ, ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು, ಇವನ್ನೆಲ್ಲ ಬರೆಯಿರಿ. ಬೆಂಗಳೂರಿನ ಕ್ಲಬ್ಬುಗಳಲ್ಲಿ, ನಮ್ಮ ತಾಲೂಕು ಮೈದಾನಗಳಲ್ಲಿ ಆಡುವ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಇದು ಬೇಕು.

ತಮ್ಮ ಈಗ ಮತ್ತೆ ಆಡುತ್ತಿದ್ದಾನೆ, ಸಂಜೆ ಮಕ್ಕಳಿಗೂ ಕಲಿಸುತ್ತಾನೆ. ಅಂದು ಅವನಿಂದ ಸಹಿ ಹಾಕಿಸಿಕೊಂಡ ಎರಡು ಪುಟದ ಕಾಗದ ನಮ್ಮ ಬೀರುವಿನಲ್ಲಿ ಇನ್ನೂ ಇದೆ. ನಿಮ್ಮ ವರದಿಗಾರರು ಬಂದರೆ ತೋರಿಸುತ್ತೇನೆ ಅಂದಿದ್ದಾನೆ. ಭಾನುವಾರ ಬಿಟ್ಟು ಯಾವ ದಿನ ಬಂದರೂ ಸರಿ. ಭಾನುವಾರ ಅವನಿಗೆ ಮ್ಯಾಚ್ ಇರುತ್ತದೆ.

ಇಂತಿ,
ಒಬ್ಬ ವೈದ್ಯೆ, ಚನ್ನಗಿರಿ, ದಾವಣಗೆರೆ ಜಿಲ್ಲೆ