ಓರಗಿತ್ತಿ ಅಕ್ಕನಿಗೆ, ಮತ್ತೆ ಎಲ್ಲರಿಗೂ

ಮನಸ್ಸಿನಲ್ಲಿರುವುದನ್ನು ಜಗಳವಾಡದೆ ನೇರವಾಗಿ ಹೇಳುವುದನ್ನು ಕಲಿಸುವ ನಮ್ಮ ಹೆಂಗಸರ ಗುಂಪಿನ ತರಬೇತಿ ಮೊನ್ನೆ ಮುಗಿಯಿತು. ಅಮ್ಮ ನನಗೆ ಕೊಟ್ಟ ಸರವನ್ನು ಅಡ ಇಡಲು ಮನೆಯಲ್ಲಿ ಕೇಳಿದ ಕತೆ ನಿಮಗೆಲ್ಲ ಗೊತ್ತೇ ಇದೆ, ಪೂರ್ತಿ ಮತ್ತೆ ಹೇಳುವುದಿಲ್ಲ. ಕಲಿಸಿದ ಮೇಡಂ, ಜೊತೆಗೆ ಕೂತು ನಕ್ಕು ಅತ್ತ ಗೆಳತಿಯರು, ಶನಿವಾರ ಮಗನನ್ನು ನೋಡಿಕೊಂಡ ಪಕ್ಕದ ಮನೆ ಆಂಟಿ, ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಜಾಸ್ತಿ ಹೇಳಬೇಕಾದ್ದು ನನ್ನ ಓರಗಿತ್ತಿಯ ಬಗ್ಗೆ. ತರಬೇತಿಯಲ್ಲಿ ಹೋಂವರ್ಕ್ ಕೊಡುತ್ತಿದ್ದರು. ಮನೆಯಲ್ಲಿ ಯಾರಾದರೂ ಎದುರಿನವರ ಪಾತ್ರ ಮಾಡಬೇಕು, ನಾವು ಹೇಳಬೇಕಾದ್ದನ್ನು ಬಾಯಿಬಿಟ್ಟು ಹೇಳಿ ರೂಢಿ ಮಾಡಿಕೊಳ್ಳಬೇಕು. ಅಕ್ಕ ಅಡುಗೆಮನೆ ಬಾಗಿಲು ಹಾಕಿ ನಮ್ಮತ್ತೆ ಆಗಿಬಿಡುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಿಮ್ಮಪ್ಪನ ಮನೇಲಿ ಇದನ್ನೇ ಕಲಿಸಿದ್ದಾ?" ಅಂತ ಶುರು ಮಾಡಿದರೆ ನನಗೆ ನಿಜವಾಗಿಯೂ ಕೈ ನಡುಗುತ್ತಿತ್ತು. (ಅಷ್ಟು ಚೆನ್ನಾಗಿ ಯಾಕೆ ಮಾಡುತ್ತಿದ್ದಳೋ!) "ನೀವು ಯಾವಾಗಲೂ ಹೀಗೇ" ಅಂದರೆ ತಡೆಯುತ್ತಿದ್ದಳು: "ಬೈಬೇಡ. ನಿನಗೆ ಏನನ್ನಿಸ್ತು, ಅದನ್ನು ಹೇಳು." ದನಿ ಏರಿಸದೆ ಒಂದೇ ಮಾತನ್ನು ತಿರುಗಿ ತಿರುಗಿ ಹೇಳುವ ಪಟ್ಟು ಇದೆಯಲ್ಲ, ಬ್ರೋಕನ್ ರೆಕಾರ್ಡ್ ಅಂತ, 1975ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮ್ಯಾನುಯೆಲ್ ಸ್ಮಿತ್ ತಮ್ಮ ಪುಸ್ತಕದಲ್ಲಿ ಬರೆದದ್ದು, ಅದು ನನಗೆ ಬಂದದ್ದು ಒಗ್ಗರಣೆ ಘಾಟಿನ ನಡುವೆ.

ಆಮೇಲೆ ಆ ರಾತ್ರಿ. ಅಮ್ಮ ಕೊಟ್ಟ ಸರ ಅಡ ಇಡುವುದಿಲ್ಲ ಅಂದೆ. ಸ್ತ್ರೀಧನ ಹೆಂಡತಿಯದೇ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ, ಗೊತ್ತಿತ್ತು. ಗೊತ್ತಿದ್ದರೆ ಎದೆ ಹೊಡೆದುಕೊಳ್ಳುವುದು ನಿಲ್ಲುತ್ತದಾ? ಇವರು ಮಾತಾಡದೆ ಮಹಡಿಗೆ ಹೋದರು. ಅತ್ತೆ ಊಟ ಬಿಟ್ಟರು. ಅಕ್ಕ ಚಾಪೆ ತಂದು ನನ್ನ ಪಕ್ಕ ಹಾಸಿದಳು. ಬುದ್ಧಿ ಹೇಳಲಿಲ್ಲ, ನೀನೇ ಸರಿ ಅಂತಲೂ ಅನ್ನಲಿಲ್ಲ. "ನಾನು ಮನೆ ಒಡೆದೆನಾ ಅಕ್ಕಾ?" ಅಂತ ಕೇಳುತ್ತಲೇ ಇದ್ದೆ. ಬೆಳಗಿನ ಜಾವ ಒಂದೇ ಮಾತು ಹೇಳಿದಳು: "ನನ್ನ ಬಳೆ ಹೋದಾಗ ನಾನು ಬಾಯೇ ಬಿಡಲಿಲ್ಲ ಕಣೇ." ಆವತ್ತಿನವರೆಗೆ ನನಗದು ಗೊತ್ತೇ ಇರಲಿಲ್ಲ. ಹತ್ತು ಹೆಜ್ಜೆ ದೂರದ ಕೋಣೆಯಲ್ಲಿದ್ದವಳು.

ಎಲ್ಲ ಸರಿಹೋಯಿತು ಅಂತ ಸುಳ್ಳು ಹೇಳುವುದಿಲ್ಲ. ಇವರು ಈಗ ಕೇಳಿ ನಿರ್ಧಾರ ಮಾಡುತ್ತಾರೆ. ಅತ್ತೆಗೆ ಬಿಗುಮಾನ ಇದ್ದೇ ಇದೆ. ಇನ್ನೊಂದು ಮಾತು. ಮೇಡಂ ಮೊದಲೇ ಹೇಳಿದ್ದರು, ಹೊಡೆಯುವ ಗಂಡನ ಎದುರು ಈ ಅಭ್ಯಾಸ ಸಾಲದು, ಅಪಾಯವೂ ಆಗಬಹುದು ಅಂತ. ಅಂಥವರು ದಯವಿಟ್ಟು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಮನಸ್ಸು ಕುಸಿದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416.

ಮುಂದಿನ ಗುಂಪಿಗೆ ಅಕ್ಕ ಹೆಸರು ಕೊಟ್ಟಿದ್ದಾಳೆ. ಶನಿವಾರದ ಅಡುಗೆ ಇನ್ನು ನನ್ನದು. ಹೋಂವರ್ಕಿನಲ್ಲಿ ಭಾವನ ಪಾತ್ರವೂ ನನ್ನದೇ.