ನಿವೃತ್ತಳಾಗುತ್ತಿರುವ ತಂಗಿಗೆ

ಚಿ. ಸೌ. ಸುಮಾಳಿಗೆ ಅಣ್ಣನ ಆಶೀರ್ವಾದಗಳು.

ಜುಲೈ ಕೊನೆಗೆ ಸೇವೆಯಿಂದ ನಿವೃತ್ತಳಾಗುತ್ತೀಯೆಂದೂ, ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದು ನಿನ್ನನ್ನು ಡೀನ್ ಹುದ್ದೆಗೆ ಕರೆಯುತ್ತಿದೆಯೆಂದೂ ಬರೆದಿದ್ದೀಯೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಹುದ್ದೆಯನ್ನು ಒಪ್ಪಿಕೊಳ್ಳಬೇಡ. ಆದರೆ ಪಾಠವನ್ನೂ ಸಂಶೋಧನೆಯನ್ನೂ ಬಿಡಬೇಡ. ಕಾಲೇಜಿಗೆ ಮಾನ್ಯತೆ ಪಡೆಯುವ ಕಡತಗಳಿಗೆ ಪಿಎಚ್‌.ಡಿ. ಇರುವವರ ಹೆಸರು ಮತ್ತು ಸಹಿ ಬೇಕಾದಾಗ ಇಂಥ ಕರೆಗಳು ಬರುತ್ತವೆ. ಸಂಬಳ ಚೆನ್ನಾಗಿಯೇ ಇರುತ್ತದೆ, ಆದರೆ ದಿನವೆಲ್ಲ ಸಭೆಗಳಲ್ಲಿ ಕಳೆದುಹೋಗುತ್ತದೆ. ಮೂವತ್ತೈದು ವರ್ಷ ಸರ್ಕಾರಿ ಕಾಲೇಜಿನಲ್ಲಿ ನಿನಗೆ ಸಿಗದೇಹೋದದ್ದು ಬಿಡುವೇ ಹೊರತು ಹುದ್ದೆಯಲ್ಲ.

ಹುದ್ದೆ ಬಿಟ್ಟರೂ ಕೆಲಸ ಬಿಡದಿರುವುದಕ್ಕೆ ನಮ್ಮ ಕಂಪ್ಯೂಟರ್ ವಿಜ್ಞಾನದಲ್ಲಿ ದೊಡ್ಡ ಮೇಲ್ಪಂಕ್ತಿಗಳಿವೆ. ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಡೊನಾಲ್ಡ್ ಕನೂಥ್ 1993ರಲ್ಲಿ, ಐವತ್ತೈದರ ಹೊತ್ತಿಗೇ ನಿವೃತ್ತರಾದದ್ದು ವಿಶ್ರಾಂತಿಗಾಗಿ ಅಲ್ಲ. ಪ್ರೋಗ್ರಾಮಿಂಗ್ ಕುರಿತ ತಮ್ಮ ಮಹಾಗ್ರಂಥವನ್ನು ಮುಗಿಸಲು ಕಡಿಮೆಯೆಂದರೂ ಇಪ್ಪತ್ತು ವರ್ಷಗಳ ಪೂರ್ಣಾವಧಿಯ ದುಡಿಮೆ ಬೇಕೆಂದು ಅವರಿಗೆ ಅನ್ನಿಸಿತ್ತು. ಅದಕ್ಕೂ ಮೊದಲೇ, 1990ರ ಆರಂಭದಿಂದ, ಇಮೇಲ್ ಬಳಕೆಯನ್ನು ಬಿಟ್ಟಿದ್ದರು. ಮೊದಲ ಸಂಪುಟ ಬಂದದ್ದು 1968ರಲ್ಲಿ. ನಾಲ್ಕನೆಯ ಸಂಪುಟದ ಎರಡನೆಯ ಭಾಗ ಅಚ್ಚಾದದ್ದು 2022ರಲ್ಲಿ, ಅವರಿಗೆ ಎಂಬತ್ತನಾಲ್ಕು ತುಂಬಿದ ವರ್ಷ. ಹಾಗೆಂದು ಅವರು ತರಗತಿಯನ್ನು ಪೂರ್ತಿ ತೊರೆದವರಲ್ಲ. ಡಿಸೆಂಬರಿನ ಅವರ ಉಪನ್ಯಾಸವನ್ನು ಕೇಳಲು ವಿದ್ಯಾರ್ಥಿಗಳು ವರ್ಷಗಟ್ಟಲೆ ಸೇರುತ್ತಾ ಬಂದಿದ್ದಾರೆ.

ನಮಗೆ ಇನ್ನೂ ಹತ್ತಿರದವರು ಪ್ರೊ. ವಿ. ರಾಜಾರಾಮನ್. ಕಾನ್ಪುರದ ಐಐಟಿಯಲ್ಲಿ 1965ರ ಸುಮಾರಿಗೆ ದೇಶದ ಮೊದಲ ಕಂಪ್ಯೂಟರ್ ವಿಜ್ಞಾನ ಶಿಕ್ಷಣವನ್ನು ಆರಂಭಿಸಿದ ಅವರು, 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, 1994ರಲ್ಲಿ ಅಲ್ಲಿಂದ ನಿವೃತ್ತರಾದ ಮೇಲೆ 2001ರವರೆಗೆ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರಾಧ್ಯಾಪಕರಾಗಿದ್ದರು. ಅದರ ನಂತರವೂ ಪಠ್ಯಪುಸ್ತಕಗಳನ್ನು ಪರಿಷ್ಕರಿಸುತ್ತಾ, ಭಾರತದಲ್ಲಿ ಕಂಪ್ಯೂಟರ್ ಬೆಳೆದುಬಂದ ಇತಿಹಾಸವನ್ನು ಬರೆಯುತ್ತಾ ಇದ್ದರು. ಎಂಬತ್ತು ದಾಟಿದ ಮೇಲೆ ಕ್ಲೌಡ್ ಕಂಪ್ಯೂಟಿಂಗ್, ಬಿಗ್ ಡೇಟಾ ಮುಂತಾದ ಹೊಸ ವಿಷಯಗಳನ್ನು ಕಲಿತು, ‘ರೆಸೊನೆನ್ಸ್’ ಪತ್ರಿಕೆಯಲ್ಲಿ ಕಾಲೇಜು ಹುಡುಗರಿಗೆ ಅರ್ಥವಾಗುವಂತೆ ವಿವರಿಸಿದರು. ಅವರ ಪುಸ್ತಕಗಳಿಂದ ಪ್ರೋಗ್ರಾಮಿಂಗ್ ಕಲಿತ ತಲೆಮಾರಿನವನಾದ ನನಗೆ ಅವರ ಬಗ್ಗೆ ಇರುವ ಗೌರವ ಈ ಕೊನೆಯ ಬರಹಗಳಿಂದಲೇ ಇಮ್ಮಡಿಯಾಯಿತು.

ಇನ್ನು ನೀನು ಏನು ಕಲಿಸಬೇಕೆಂಬ ಪ್ರಶ್ನೆ. ಎಂ.ಟೆಕ್. ಬೇಡ, ಪಾಲಿಟೆಕ್ನಿಕ್‌ನ ಮೊದಲ ವರ್ಷದ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸು. ಕನ್ನಡ ಮಾಧ್ಯಮದಿಂದ ಬಂದ ಹುಡುಗ ಎಡವುವುದು ತರ್ಕದಲ್ಲಿ ಅಲ್ಲ, ತರ್ಕವನ್ನು ಹೇಳಿಕೊಡುವ ಇಂಗ್ಲಿಷಿನಲ್ಲಿ. ಅವನಿಗೆ ಕನ್ನಡದಲ್ಲಿ ವಿವರಿಸಬಲ್ಲ, ವಿಷಯವನ್ನು ಆಳವಾಗಿ ಬಲ್ಲ ಶಿಕ್ಷಕಿ ಸಿಗುವುದು ಬಹಳ ಅಪರೂಪ. ಇದು ನಿನ್ನ ವಿದ್ವತ್ತಿಗೆ ಕಡಿಮೆಯ ಕೆಲಸವೆಂದು ಯಾರಾದರೂ ಅಂದರೆ ಬೈನರಿ ಸರ್ಚ್‌ನ ಕಥೆಯನ್ನು ಹೇಳು. ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಪ್ರತಿ ಸಲ ಅರ್ಧಕ್ಕೆ ಇಳಿಸುತ್ತಾ ಬೇಕಾದದ್ದನ್ನು ಹುಡುಕುವ ಆ ವಿಧಾನವನ್ನು 1946ರಲ್ಲೇ ಪ್ರಸ್ತಾಪಿಸಲಾಗಿತ್ತಾದರೂ, ಎಲ್ಲ ಗಾತ್ರದ ಪಟ್ಟಿಗಳಿಗೂ ಸರಿಹೊಂದುವ ರೂಪ ಪ್ರಕಟವಾಗಲು 1960ರ ದಶಕ ಬರಬೇಕಾಯಿತು. ಅಷ್ಟಾದ ಮೇಲೂ, ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯೊಂದಿಗೆ ಬರುವ ಸಿದ್ಧ ಪ್ರೋಗ್ರಾಮುಗಳ ಸಂಗ್ರಹದಲ್ಲಿದ್ದ ಅದರ ಪ್ರೋಗ್ರಾಮಿನಲ್ಲಿ ಒಂದು ದೋಷ ವರ್ಷಗಟ್ಟಲೆ ಅಡಗಿದ್ದು, 2006ರಲ್ಲಿ ಎಲ್ಲರಿಗೂ ತಿಳಿಯಿತು: ಮಧ್ಯದ ಸ್ಥಾನವನ್ನು ಕಂಡುಹಿಡಿಯಲು ಎರಡು ತುದಿಗಳ ಸ್ಥಾನಸಂಖ್ಯೆಗಳನ್ನು ಕೂಡಿದಾಗ ಮೊತ್ತವು ಅಲ್ಲಿ ಬಳಸಿದ ಪೂರ್ಣಾಂಕದ ಗರಿಷ್ಠ ಮಿತಿಯಾದ 2147483647ನ್ನು ಮೀರಿದರೆ, ಅದು ಋಣ ಸಂಖ್ಯೆಯಾಗಿ ತಿರುಗಿಬಿಡುತ್ತಿತ್ತು. ಮೊದಲ ವರ್ಷದ ಪಾಠದಲ್ಲಿ ಇಷ್ಟು ಆಳವಿದೆ. ಅದನ್ನು ತೋರಿಸಲು ಅವಸರವಿಲ್ಲದ ಶಿಕ್ಷಕರು ಬೇಕು. ಸಿಲೆಬಸ್ ಮುಗಿಸುವ ಧಾವಂತದಲ್ಲಿ ನಾನೂ ನೀನೂ ಇಂಥದ್ದಕ್ಕೆ ಸಮಯ ಕೊಡಲಾಗುತ್ತಿರಲಿಲ್ಲ.

ಸಂಶೋಧನೆಯ ವಿಷಯದಲ್ಲಿ ಒಂದೇ ಮಾತು: ಮನೆಯ ಕಂಪ್ಯೂಟರಿನಲ್ಲಿ ಮಾಡಬಹುದಾದದ್ದನ್ನು ಆರಿಸಿಕೋ. ಕೋಟಿಗಟ್ಟಲೆ ಹಣ ಸುರಿದು ಚಾಟ್‌ಜಿಪಿಟಿಯಂಥ ಭಾಷಾ ಮಾದರಿಗಳನ್ನು ಕಟ್ಟುವ ಕಂಪನಿಗಳ ಹಿಂದೆ ಓಡಬೇಡ. ನಿನ್ನ ಪಿಎಚ್‌.ಡಿ. ಪಠ್ಯದಲ್ಲಿ ಪದಗಳನ್ನು ಹುಡುಕುವ ವಿಧಾನಗಳ ಬಗ್ಗೆ ಅಲ್ಲವೇ? ಕನ್ನಡಕ್ಕೆ ನೆಚ್ಚಬಹುದಾದ ಕಾಗುಣಿತ ಪರೀಕ್ಷಕವನ್ನು ಕಟ್ಟುವುದು ಅದರ ನೇರ ಮುಂದುವರಿಕೆ. ‘ಮನೆಗಳಿಂದಲೇ’ ಎಂಬ ಒಂದೇ ಪದದಲ್ಲಿ ನಾಮಪದ, ಬಹುವಚನ, ವಿಭಕ್ತಿ, ಅವಧಾರಣೆ ಎಲ್ಲವೂ ಬೆಸೆದುಕೊಂಡಿರುವಾಗ, ಇಂಗ್ಲಿಷಿಗೆ ಮಾಡಿದಂತೆ ಪದಪಟ್ಟಿಯೊಂದನ್ನು ಇಟ್ಟುಕೊಂಡು ಹೋಲಿಸಿದರೆ ಸಾಲದು. ಪ್ರತ್ಯಯಗಳು ಯಾವ ಕ್ರಮದಲ್ಲಿ, ಯಾವ ಸಂಧಿಯೊಂದಿಗೆ ಸೇರುತ್ತವೆಂಬ ನಿಯಮಗಳನ್ನೇ ಯಂತ್ರಕ್ಕೆ ಕಲಿಸಬೇಕು. ಇದಕ್ಕೆ ಬೇಕಾದದ್ದು ವ್ಯಾಕರಣದ ತಿಳಿವು ಮತ್ತು ತಾಳ್ಮೆ. ಈಗಾಗಲೇ ಕೆಲವರು ಈ ದಾರಿಯಲ್ಲಿ ದುಡಿದಿದ್ದಾರೆ. ಅವರ ಕೆಲಸವನ್ನು ಮೊದಲು ಓದಿಕೋ. ನೀನು ಬರೆದದ್ದನ್ನು ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಕೊಡು, ಏಕೆಂದರೆ ಬಡ್ತಿಗಾಗಿ ಪ್ರಬಂಧಗಳ ಸಂಖ್ಯೆಯನ್ನು ಲೆಕ್ಕಹಾಕುವ ಅಗತ್ಯ ನಿನಗಿನ್ನು ಇರುವುದಿಲ್ಲ.

ಹೊಸ ಸೆಮಿಸ್ಟರ್ ಆರಂಭವಾಗುವ ಮೊದಲೇ ನಿಮ್ಮೂರಿನ ಪಾಲಿಟೆಕ್ನಿಕ್‌ನ ಪ್ರಾಂಶುಪಾಲರನ್ನು ಕಂಡು, ವಾರಕ್ಕೆ ಎರಡು ತರಗತಿ ಸಾಕೆಂದು ಕೇಳು, ಹೆಚ್ಚಿಗೆ ಒಪ್ಪಿಕೊಳ್ಳಬೇಡ. ನಿನ್ನ ಮಹಾಪ್ರಬಂಧದ ಒಂದು ಪ್ರತಿಯನ್ನು ಅಂಚೆಯಲ್ಲಿ ನನಗೆ ಕಳಿಸು. ನಾನೂ ಪ್ರತ್ಯಯಗಳ ಪಟ್ಟಿಯನ್ನು ಬರೆಯಲು ಆರಂಭಿಸಿದ್ದೇನೆ, ನಾಮಪದಗಳ ಭಾಗವನ್ನು ಶ್ರಾವಣದ ಹೊತ್ತಿಗೆ ಕಳಿಸಿಕೊಡುತ್ತೇನೆ.

ಇಂತಿ ನಿನ್ನ ಹಿತೈಷಿ,
ದೊಡ್ಡಣ್ಣ