ಸಕ್ಕಿಂಗ್ ಗಾಡಿಗಿಂತ ಮೊದಲು ಚೇಂಬರ್ ನೋಡುತ್ತೇವೆ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ,

ಈ ವರ್ಷದಿಂದ ನಮ್ಮ ಕೆಲಸದ ಕ್ರಮ ಬದಲಾಗಿದೆ. ಕೆಳಗಿನ ಬಾತ್‌ರೂಮಿನಲ್ಲಿ ಗಲೀಜು ನೀರು ವಾಪಸ್ ಬರ್ತಿದೆ ಅಂತ ನೀವು ಫೋನ್ ಮಾಡಿದರೆ, ಇನ್ನು ಸೆಪ್ಟಿಕ್ ಟ್ಯಾಂಕ್ ಹೀರಿ ಖಾಲಿ ಮಾಡುವ ಸಕ್ಕಿಂಗ್ ಗಾಡಿ ಮೊದಲು ಬರುವುದಿಲ್ಲ. ನಮ್ಮ ಹುಡುಗರು ಬಂದು ಚೇಂಬರ್, ಅಂದರೆ ಮನೆಯ ಪೈಪುಗಳು ಬಂದು ಸೇರುವ ಮುಚ್ಚಳದ ಗುಂಡಿ, ತೆರೆದು ನೋಡುತ್ತಾರೆ. ಗಾಡಿ ಬೇಕಾ ಬೇಡವಾ ಅನ್ನುವುದು ಆಮೇಲೆ. ನೋಡುವುದಕ್ಕೆ ಬೇರೆ ದುಡ್ಡು ಇಲ್ಲ. ಟ್ಯಾಂಕ್ ಪೂರ್ತಿ ಖಾಲಿ ಮಾಡುವ ಕೆಲಸವನ್ನು ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಶುರುವಾದಾಗಿನಿಂದ ಮೇ ಕೊನೆಯೊಳಗೆ ಮುಗಿಸುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುರ್ತು ಇದ್ದರೆ ಮಾತ್ರ, ಅದೂ ಅರ್ಧದಷ್ಟೇ.

ಕಳೆದ ಜುಲೈನಲ್ಲಿ ಮಡಿಕೇರಿಯ ಇಳಿಜಾರಿನ ಒಂದು ಮನೆಗೆ ಮೂರು ಸಲ ಗಾಡಿ ಕಳಿಸಿದೆವು. ರಸ್ತೆಗಿಂತ ಕೆಳಗಿನ ಅಂತಸ್ತಿನಲ್ಲಿ ಅಜ್ಜಿಯ ಕೋಣೆ. ಪ್ರತಿ ಸಲವೂ ಎರಡು ದಿನಕ್ಕೆ ಬಾತ್‌ರೂಮಿನ ಜಾಲರಿ ಎತ್ತಿಕೊಂಡು ಕಪ್ಪು ನೀರು ಕೋಣೆಯವರೆಗೆ ಬರುತ್ತಿತ್ತು. ನಾಲ್ಕನೇ ಸಲ ಚೇಂಬರ್ ಮುಚ್ಚಳ ಎತ್ತಿದಾಗ ಗೊತ್ತಾಯಿತು, ತಾರಸಿ ನೀರಿನ ಪೈಪನ್ನು ಯಾರೋ ಅದಕ್ಕೇ ಸೇರಿಸಿದ್ದರು. ಸಾವಿರ ಚದರಡಿ ತಾರಸಿಗೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 9,300 ಲೀಟರ್ ನೀರು. ನಮ್ಮ ಜುಲೈನಲ್ಲಿ ಅಂಥ ದಿನಗಳು ಅಪರೂಪವೇನಲ್ಲ. ಯಾವ ಟ್ಯಾಂಕ್ ತಡೆಯುತ್ತದೆ? ಮೊದಲ ದಿನವೇ ನಾವು ನೋಡಬೇಕಿತ್ತು. ತಪ್ಪು ನಮ್ಮದೇ. ಆ ಮೂರು ಸಲದ ಹಣ ವಾಪಸ್ ಕೊಟ್ಟಿದ್ದೇವೆ.

ಇಲ್ಲಿ ಮಳೆಗಾಲದಲ್ಲಿ ಮಣ್ಣು ನೀರು ಕುಡಿದು ತುಂಬಿರುತ್ತದೆ. ಇಂಗುಗುಂಡಿ ನೀರು ಹೀರುವುದಿಲ್ಲ. ಟ್ಯಾಂಕ್ ನೀರು ಹೊರಗೆ ಹೋಗಲು ಜಾಗವಿಲ್ಲದೆ ಲೈನ್ ಹಿಡಿದು ಹಿಂದಕ್ಕೆ ಬರುತ್ತದೆ, ಮನೆಯಲ್ಲಿ ಎಲ್ಲಕ್ಕಿಂತ ತಗ್ಗಿನ ತೂತಿನಲ್ಲೇ ಮೊದಲು ಉಕ್ಕುತ್ತದೆ. ಆಗ ಟ್ಯಾಂಕ್ ಖಾಲಿ ಮಾಡಿದರೆ ಮತ್ತೆ ತುಂಬುತ್ತದೆ, ಅಷ್ಟೇ. ಪ್ಲಾಸ್ಟಿಕ್ ಅಥವಾ ಫೈಬರ್ ಟ್ಯಾಂಕ್ ಆದರೆ ಒದ್ದೆ ಮಣ್ಣಿನಲ್ಲಿ ಖಾಲಿ ಟ್ಯಾಂಕ್ ಮೇಲಕ್ಕೆದ್ದು ಪೈಪನ್ನೇ ಮುರಿಯಬಹುದು. ಅರ್ಧ ಮಾತ್ರ ಅಂದಿದ್ದು ಅದಕ್ಕೇ.

ಲೈನ್ ಕಟ್ಟಿಕೊಂಡಿದ್ದರೆ ಕಾರಣ ಬೇರೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದು ಆದ ಮೇಲೆ ನಮಗೆ ಫೋನ್ ಜಾಸ್ತಿ. ಪಂದಿಕರಿಯ (ಹಂದಿಮಾಂಸದ ಅಡುಗೆ) ಪಾತ್ರೆಯನ್ನು ಬಿಸಿನೀರಲ್ಲಿ ತೊಳೆದಾಗ ಕೊಬ್ಬು ಕರಗಿ ಹೋದಂತೆ ಕಾಣುತ್ತದೆ, ಆದರೆ ಈ ಚಳಿಗೆ ಪೈಪಿನೊಳಗೆ ಮತ್ತೆ ಗಟ್ಟಿಯಾಗುತ್ತದೆ. ಒಂದು ಹೋಂಸ್ಟೇಯಲ್ಲಿ ನಾವು ಕತ್ತರಿಸಿ ತೆಗೆದ ಪೈಪಿನಲ್ಲಿ ಬೆರಳು ತೂರುವಷ್ಟೇ ಜಾಗ ಉಳಿದಿತ್ತು, ಸುತ್ತ ಮೇಣದ ಹಾಗೆ ಬಿಳಿ ಕೊಬ್ಬು. ಪಾತ್ರೆಯನ್ನು ಮೊದಲು ಪೇಪರ್‌ನಲ್ಲಿ ಒರೆಸಿ, ಆಮೇಲೆ ತೊಳೆಯಿರಿ. ಹಳೇ ಮನೆಗಳ ಮಣ್ಣಿನ ಪೈಪಿನ ಸಂದಿಯೊಳಗೆ ಮರದ ಬೇರು ನುಗ್ಗುತ್ತದೆ. ಪ್ಯಾಡ್, ಡೈಪರ್, ವೆಟ್ ವೈಪ್ಸ್ ಕಮೋಡಿಗೆ ಹಾಕಲೇಬೇಡಿ.

ಮೇಲೆ ವಾಷಿಂಗ್ ಮಷಿನ್ ನೀರು ಬಿಟ್ಟಾಗ ಕೆಳಗಿನ ಬಾತ್‌ರೂಮಿನಲ್ಲಿ ಗುಳುಗುಳು ಸದ್ದು ಬಂದರೆ ಆಗಲೇ ನಮಗೆ ಹೇಳಿ. ನೀರು ಉಕ್ಕಲು ಶುರುವಾದರೆ ಮೇಲಿನ ನಲ್ಲಿಗಳನ್ನೆಲ್ಲ ನಿಲ್ಲಿಸಿ. ಆಸಿಡ್ ಸುರಿಯಬೇಡಿ, ಟ್ಯಾಂಕಿನಲ್ಲಿ ಕೊಳೆಯಿಸುವ ಒಳ್ಳೆ ಬ್ಯಾಕ್ಟೀರಿಯಾ ಸಾಯುತ್ತವೆ. ಕೆಳಗಿನ ಅಂತಸ್ತಿನ ಲೈನಿಗೆ ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸುವುದು ಒಳ್ಳೆಯದು, ಆದರೆ ಅದನ್ನೂ ವರ್ಷಕ್ಕೊಮ್ಮೆ ತೆಗೆದು ತೊಳೆಯಬೇಕು.

ಇನ್ನೊಂದು ಮಾತು. ಎಷ್ಟೇ ಅವಸರವಿದ್ದರೂ ಟ್ಯಾಂಕಿನೊಳಗೆ ಯಾರನ್ನೂ ಇಳಿಸಬೇಡಿ. ಒಳಗಿನ ವಿಷಗಾಳಿಗೆ ಕ್ಷಣದಲ್ಲಿ ಪ್ರಾಣ ಹೋಗುತ್ತದೆ. ಸುರಕ್ಷತಾ ಸಾಧನಗಳಿಲ್ಲದೆ ಹಾಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾನೂನು ಕೂಡ ನಿಷೇಧಿಸಿದೆ. ನಮ್ಮ ಹುಡುಗರು ಇಳಿಯುವುದಿಲ್ಲ, ದಯವಿಟ್ಟು ಒತ್ತಾಯ ಮಾಡಬೇಡಿ.

ಟ್ಯಾಂಕ್ ಖಾಲಿ ಮಾಡಿಸಿ ಮೂರು ವರ್ಷ ಆಗಿದ್ದರೆ ಮೇ ತಿಂಗಳೊಳಗೆ ದಿನ ಗೊತ್ತು ಮಾಡಿಕೊಳ್ಳಿ. ಫೋನ್ ಮಾಡುವಾಗ ಟ್ಯಾಂಕಿನ ಮುಚ್ಚಳ ಎಲ್ಲಿದೆ, ತಾರಸಿ ನೀರು ಎಲ್ಲಿಗೆ ಹೋಗುತ್ತದೆ ಅಂತ ನೋಡಿಟ್ಟುಕೊಂಡಿರಿ.

ಇಂತಿ ನಿಮ್ಮ,
ಟ್ಯಾಂಕ್ ಮತ್ತು ಪೈಪ್‌ಲೈನ್ ಕೆಲಸದ ತಂಡ, ಮಡಿಕೇರಿ